ಕ್ರಿಸ್ಟೋಫರ್ ಲೀ ಕ್ಷಮೆ ಕೇಳಬೇಕಿರಲಿಲ್ಲ

ಹಾರರ್ ಸಿನಿಮಾದ ಹುಚ್ಚಿರುವವರು ಬ್ರಿಟಿಷ್ ನಟ ಕ್ರಿಸ್ಟೋಫರ್ ಲೀ ಬಗ್ಗೆ ಒಂದು ಕಥೆ ಹೇಳುತ್ತಾರೆ. 1990ರ 'ಗ್ರೆಮ್ಲಿನ್ಸ್ 2' ಚಿತ್ರಕ್ಕೆ ನಿರ್ದೇಶಕ ಜೋ ಡಾಂಟೆ ಅವರನ್ನು ಹಾಕಿಕೊಂಡರು. ಆಗ ಲೀ ಡಾಂಟೆಯ ಹತ್ತಿರ ಕ್ಷಮೆ ಕೇಳಿದರಂತೆ. ಯಾಕೆ ಅಂದರೆ, ಡಾಂಟೆ 1981ರಲ್ಲಿ 'ದಿ ಹೌಲಿಂಗ್' ಅಂತ ಬಹಳ ಒಳ್ಳೆಯ ತೋಳಮನುಷ್ಯನ ಸಿನಿಮಾ ಮಾಡಿದ್ದರು. ಅದರ ಎರಡನೇ ಭಾಗವನ್ನು ಬೇರೆಯವರು ಮಾಡಿದರು. ಅದರಲ್ಲಿ ಲೀ ನಟಿಸಿದ್ದರು. ಆ ತಪ್ಪಿಗೆ ಕ್ಷಮೆ!

ಆ ಎರಡನೇ ಭಾಗ ನನ್ನ ಪ್ರೀತಿಯ ಸಿನಿಮಾ. 1985ರದ್ದು. ಹೆಸರು 'ಹೌಲಿಂಗ್ 2: ಯುವರ್ ಸಿಸ್ಟರ್ ಈಸ್ ಎ ವೇರ್‌ವುಲ್ಫ್'. ನಿನ್ನ ತಂಗಿ ತೋಳ ಕಣಯ್ಯಾ ಅಂತ ಹೆಸರಲ್ಲೇ ಸಸ್ಪೆನ್ಸ್ ಮುಗಿಸಿಬಿಡುವ ಧೈರ್ಯ ಇನ್ಯಾರಿಗಿದೆ ಹೇಳಿ? ಇದನ್ನು ಎಷ್ಟು ಸಲ ನೋಡಿದ್ದೇನೆ ಅಂತ ಮನೆಯಲ್ಲಿ ಬಾಯಿಬಿಡುವ ಹಾಗಿಲ್ಲ.

ಸಿನಿಮಾ ಕೆಟ್ಟದಾಗಿದೆಯಾ? ಹೌದು, ಭಾರಿ ಕೆಟ್ಟದಾಗಿದೆ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ಕೂತು ನೋಡುವ ಹಾಗೆ ಮಾಡಿದವರೇ ಲೀ. ಅವರು ಕ್ಷಮೆ ಕೇಳಿದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ.

ಶುರುವಿನಿಂದಲೇ ನೋಡೋಣ. ಹಿಂದೆ ನಕ್ಷತ್ರ ತುಂಬಿದ ಆಕಾಶ. ಅದರ ಮುಂದೆ ಲೀ ನಿಂತು ಒಂದು ದಪ್ಪ ಪುಸ್ತಕ ಓದುತ್ತಿದ್ದಾರೆ. ಪಕ್ಕದಲ್ಲಿ ಒಂದು ಅಸ್ಥಿಪಂಜರ. ಭೂಮಿಯ ಜನ ಅವಳ ರಕ್ತ ಕುಡಿದು ಮತ್ತರಾದರು ಅನ್ನೋ ಥರದ ಮಾತು. ಅವಳು ಯಾರು, ಇವರು ಆಕಾಶದಲ್ಲಿ ಯಾಕಿದ್ದಾರೆ, ಅಸ್ಥಿಪಂಜರ ಯಾರದು, ಒಂದಕ್ಕೂ ಉತ್ತರ ಇಲ್ಲ. ಆದರೆ ಆ ಕಂಠ! ಆರಡಿ ಐದಿಂಚಿನ ಮನುಷ್ಯ. ಬಾಯಿ ತೆರೆದರೆ ಕುರ್ಚಿ ಬಿಟ್ಟು ಏಳಲಾಗುವುದಿಲ್ಲ.

ಮೊದಲ ಭಾಗದ ಕೊನೆಯಲ್ಲಿ ಟಿವಿ ವರದಿಗಾರ್ತಿ ಕ್ಯಾರೆನ್ ವೈಟ್ ನೇರ ಪ್ರಸಾರದಲ್ಲೇ ತೋಳವಾಗಿ ಗುಂಡೇಟಿಗೆ ಸಾಯುತ್ತಾಳೆ. ಈ ಸಿನಿಮಾ ಅವಳ ಅಂತ್ಯಸಂಸ್ಕಾರದಿಂದ ಶುರು. ಅಳುತ್ತಾ ನಿಂತ ಅಣ್ಣ ಬೆನ್ ಹತ್ತಿರ ಲೀ ಬರುತ್ತಾರೆ. ಅವರ ಪಾತ್ರದ ಹೆಸರು ಸ್ಟೀಫನ್ ಕ್ರಾಸ್ಕೋ, ಮಾಟಮಂತ್ರದ ವಿಚಾರದಲ್ಲಿ ಪರಿಣತ. ಸತ್ತ ಮನೆಯಲ್ಲಿ ಯಾರಾದರೂ ಬಂದು ನಿಮ್ಮ ತಂಗಿ ತೋಳ ಅಂದರೆ ಏನಾಗಬೇಕೋ ಅದೇ ಆಗುತ್ತದೆ. ಬೆನ್ ಪಾತ್ರ ಮಾಡಿದ್ದು ರೆಬ್ ಬ್ರೌನ್, 1979ರ ಟಿವಿ ಚಿತ್ರಗಳಲ್ಲಿ ಕ್ಯಾಪ್ಟನ್ ಅಮೆರಿಕಾ ಆಗಿದ್ದವನು. ಅವನ ಅಭಿನಯದಲ್ಲಿ ಎರಡೇ ಭಾವ. ಒಂದು ಬಾಯಿ ಬಿಟ್ಟು ನೋಡುವುದು, ಇನ್ನೊಂದು ಬಾಯಿ ಬಿಟ್ಟು ಕಿರುಚುವುದು.

ಲೀ ಮಾತ್ರ ಹಾಗಲ್ಲ. 1958ರಲ್ಲಿ ಡ್ರಾಕುಲಾ ಆಗಿ ಲೋಕವನ್ನೇ ಹೆದರಿಸಿದವರು. 1974ರಲ್ಲಿ ಜೇಮ್ಸ್ ಬಾಂಡ್‌ಗೆ ಎದುರಾಳಿ ಸ್ಕಾರಮಾಂಗಾ. ಈ ಸಿನಿಮಾ ಹೊತ್ತಿಗೆ ವಯಸ್ಸು ಅರವತ್ತು ದಾಟಿತ್ತು. ತೋಳಮನುಷ್ಯನ ಸಿನಿಮಾ ಒಂದನ್ನೂ ಮಾಡಿರಲಿಲ್ಲ, ಅದಕ್ಕೇ ಒಪ್ಪಿಕೊಂಡರು ಅಂತ ಹೇಳುತ್ತಾರೆ. ಒಪ್ಪಿಕೊಂಡ ಮೇಲೆ ಒಂದು ಕಡೆಯೂ ಕೈ ಸಡಿಲ ಬಿಟ್ಟಿಲ್ಲ. ನಾನೇನೋ ದುಡ್ಡಿಗೆ ಮಾಡ್ತಿದ್ದೀನಿ, ನೀವೂ ನಗಿ ಅನ್ನುವ ಕಣ್ಣು ಮಿಟುಕು ಇಲ್ಲ. ನಮ್ಮ ಕರಾವಳಿಯ ಯಕ್ಷಗಾನದ ಹಿರಿಯ ವೇಷಧಾರಿಗಳನ್ನು ನೋಡಿದ್ದೀರಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಚೌಕಿಯಿಂದ ಹೊರಗೆ ಬಂದಾಗ ಎದುರಿಗೆ ಹತ್ತೇ ಜನ ಇರಲಿ, ಅದರಲ್ಲಿ ಏಳು ಜನ ತೂಕಡಿಸುತ್ತಿರಲಿ, ಹೆಜ್ಜೆ ಒಂದೂ ಕಡಿಮೆಯಾಗುವುದಿಲ್ಲ. ಲೀ ಅದೇ ಜಾತಿ.

ಇದಕ್ಕೆ ಸಾಕ್ಷಿ ಬೇಕಂದರೆ ಲಾಸ್ ಏಂಜಲೀಸ್‌ನ ಕ್ಲಬ್ ದೃಶ್ಯ ನೋಡಿ. ಪಂಕ್ ಹುಡುಗರು ಚರ್ಮದ ಬಟ್ಟೆ ಹಾಕಿಕೊಂಡು ಕುಣಿಯುತ್ತಿದ್ದಾರೆ. ಬೇಬಲ್ ಅನ್ನುವ ಬ್ಯಾಂಡ್ ಹಾಡುತ್ತಿದೆ. (ಈ ಒಂದೇ ಹಾಡು ಇಡೀ ಸಿನಿಮಾದಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ದಿನ ತಲೆಯಿಂದ ಹೋಗುವುದಿಲ್ಲ, ಮೊದಲೇ ಹೇಳಿದ್ದೇನೆ.) ತೋಳಗಳನ್ನು ಹುಡುಕಿಕೊಂಡು ಲೀ ಅಲ್ಲಿಗೆ ಬರುತ್ತಾರೆ. ಗುರುತು ಸಿಗಬಾರದು ಅಂತ ಆ ಹುಡುಗರ ಥರದ್ದೇ ಒಂದು ಫ್ಯಾಷನ್ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾರೆ. ಅಷ್ಟೇ ವೇಷಾಂತರ! ಇಡೀ ಕ್ಲಬ್ಬಿಗಿಂತ ಒಂದು ತಲೆ ಎತ್ತರ ಇರುವ ಅಜ್ಜ, ಕನ್ನಡಕ ಹಾಕಿದ ತಕ್ಷಣ ಯಾರಿಗೂ ಕಾಣಿಸುವುದಿಲ್ಲ. ಲೀ ಆಗಲೂ ನಗುವುದಿಲ್ಲ. ಅವರು ತುಟಿಯಂಚಲ್ಲಿ ಒಂದು ಚೂರು ನಕ್ಕಿದ್ದರೂ ಈ ದೃಶ್ಯ ಸತ್ತುಹೋಗುತ್ತಿತ್ತು. ನಗುವ ಕೆಲಸ ನಮಗೆ ಬಿಟ್ಟು ಅವರು ಅವರ ಕೆಲಸ ಮಾಡಿದ್ದಾರೆ.

ಹೋದ ಸಲ ನೋಡಿದಾಗ ಅಕ್ಕನ ಮಗ ಜೊತೆಗಿದ್ದ. ಡಿಗ್ರಿ ಓದುವ ಹುಡುಗ, ಎಲ್ಲದಕ್ಕೂ ಗ್ರಾಫಿಕ್ಸ್ ಚೆನ್ನಾಗಿದೆಯಾ ಅಂತ ಕೇಳುವ ಪೈಕಿ. ತೋಳಗಳ ಗುಂಪು ತೆರೆ ಮೇಲೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಬಹಳ ಗಂಭೀರವಾಗಿ ಕೇಳಿದ, "ಮಾಮ, ಇದು ತೋಳಾನಾ, ಕೋತೀನಾ?"

ಪ್ರಶ್ನೆ ಸರಿಯಾಗಿಯೇ ಇದೆ. ನಿರ್ದೇಶಕ ಫಿಲಿಪ್ ಮೋರಾ ಇದರ ಕಥೆಯನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಶೂಟಿಂಗ್ ನಡೆದಿದ್ದು ಆಗಿನ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ. ತೋಳದ ಉಡುಪು ಅಮೆರಿಕಾದಿಂದ ಬರಬೇಕಿತ್ತು. ಪೆಟ್ಟಿಗೆ ಬಂತು. ತೆರೆದು ನೋಡಿದರೆ 'ಪ್ಲಾನೆಟ್ ಆಫ್ ದಿ ಏಪ್ಸ್'ಗೆ ಬಳಸಿದ್ದ ವಾನರ ವೇಷಗಳು! ವಾಪಸ್ ಕಳಿಸಿ ಬೇರೆ ತರಿಸಲು ಸಮಯವೂ ಇಲ್ಲ, ದುಡ್ಡೂ ಇಲ್ಲ. ಏನು ಮಾಡೋದು? ಮನುಷ್ಯ ತೋಳವಾಗುವಾಗ ನಡುವೆ ಒಂದು ವಾನರ ಹಂತ ಬರುತ್ತದೆ ಅಂತ ಲೀ ಬಾಯಲ್ಲಿ ಹೇಳಿಸಿದರಂತೆ. ಡಾರ್ವಿನ್ ಕೂಡ ತಲೆ ಕೆರೆದುಕೊಳ್ಳಬೇಕು. ಲೀ ಹೇಳಿದ್ದರಿಂದ ನಾನಂತೂ ನಂಬಿದೆ. ಅಕ್ಕನ ಮಗನೂ ನಂಬಿದ.

ಇಲ್ಲೊಂದು ಮಾತು. 1981 ತೋಳಮನುಷ್ಯರ ಪಾಲಿಗೆ ಸುಗ್ಗಿಯ ವರ್ಷ. 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಬಂದಿದ್ದೂ ಆಗಲೇ. ರಿಕ್ ಬೇಕರ್ ಅದಕ್ಕೆ ಮೇಕಪ್ ಮಾಡಿ ಆ ವಿಭಾಗದ ಮೊದಲ ಆಸ್ಕರ್ ಗೆದ್ದರು. 'ದಿ ಹೌಲಿಂಗ್' ಕೆಲಸ ಅವರ ಶಿಷ್ಯ ರಾಬ್ ಬೋಟಿನ್ ಕೈಗೆ ಹೋಯಿತು. ಕಂಪ್ಯೂಟರ್ ಇಲ್ಲದ ಕಾಲ. ರಬ್ಬರ್ ಚರ್ಮದ ಕೆಳಗೆ ಗಾಳಿಚೀಲ ಇಟ್ಟು, ಗಾಳಿ ತುಂಬಿ, ಮುಖ ಉಬ್ಬಿಸಿ ತೋರಿಸುತ್ತಿದ್ದರು. ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಅಂಥ ಸಿನಿಮಾದ ಮುಂದಿನ ಭಾಗಕ್ಕೆ ಕೋತಿ ವೇಷ. ಡಾಂಟೆಗೆ ಎಷ್ಟು ಹೊಟ್ಟೆ ಉರಿದಿರಬಹುದು ಅಂತ ಗೊತ್ತಾಗುತ್ತದೆ ಬಿಡಿ.

ಕಥೆ ಮುಂದೆ ಟ್ರಾನ್ಸಿಲ್ವೇನಿಯಾಕ್ಕೆ ಹೋಗುತ್ತದೆ, ಅಂದರೆ ಪ್ರಾಗ್‌ಗೆ. ಅಲ್ಲಿ ತೋಳಗಳ ರಾಣಿ ಸ್ಟಿರ್ಬಾ. ಸಿಬಿಲ್ ಡ್ಯಾನಿಂಗ್ ಪಾತ್ರ. ಮುದುಕಿಯಾಗಿ ಬಂದು, ಹುಡುಗಿಯೊಬ್ಬಳ ಪ್ರಾಣ ಹೀರಿ ಪ್ರಾಯದವಳಾಗುತ್ತಾಳೆ. 1941ರ 'ದಿ ವುಲ್ಫ್ ಮ್ಯಾನ್' ಕಾಲದಿಂದ ತೋಳಕ್ಕೆ ಬೆಳ್ಳಿ ಅಂದರೆ ಸಾವು ಅಂತ ನಾವು ನಂಬಿಕೊಂಡು ಬಂದಿದ್ದೇವೆ. ಇಲ್ಲಿ ಅದು ಸಾಲದು. ಇವು ದೊಡ್ಡ ತೋಳಗಳು, ಟೈಟೇನಿಯಂ ಬೇಕು ಅನ್ನುತ್ತಾರೆ ಲೀ. ಸ್ಟಿರ್ಬಾ ಮಂತ್ರ ಕಿವಿಗೆ ಬಿದ್ದರೆ ಕಥೆ ಮುಗಿಯಿತು. ಅದಕ್ಕೆ ಕಿವಿಗೆ ಬಿರಡೆ ಹಾಕಿಕೊಂಡು ಹೊರಡುತ್ತಾರೆ. ಬಿರಡೆ ತಪ್ಪಿದವನ ಕಣ್ಣೇ ಸಿಡಿದು ಹೋಗುತ್ತದೆ. ಕಿವಿಗೂ ಕಣ್ಣಿಗೂ ಏನು ಸಂಬಂಧ ಅಂತ ಕೇಳಬೇಡಿ. ಮಧ್ಯೆ ಒಂದು ಪ್ರಣಯ ದೃಶ್ಯ ಇದೆ. ಮೂವರು ಮೈತುಂಬ ರೋಮ ಬೆಳೆಸಿಕೊಂಡು ಒಬ್ಬರ ಮೇಲೊಬ್ಬರು ಗುರ್ ಅನ್ನುತ್ತಾರೆ. ಶೃಂಗಾರವೋ ಬೀದಿ ಜಗಳವೋ ತಿಳಿಯುವ ಮೊದಲೇ ಮುಗಿಯುತ್ತದೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ತೆರೆಯನ್ನು ಚಿತ್ರವಿಚಿತ್ರವಾಗಿ ಒರೆಸಿಹಾಕುತ್ತಾರೆ. ಮದುವೆ ವಿಡಿಯೋ ಎಡಿಟ್ ಮಾಡುವವರಿಗೂ ಅಷ್ಟು ಧೈರ್ಯ ಇರಲಿಲ್ಲ.

ಒಟ್ಟಿನಲ್ಲಿ ಐದು ನಿಮಿಷ ಬೇಜಾರಾಗಲು ಬಿಡುವುದಿಲ್ಲ. ಕೆಟ್ಟದ್ದಾದರೂ ಪ್ರತಿ ದೃಶ್ಯಕ್ಕೆ ಒಂದು ಹೊಸ ಕೆಟ್ಟದ್ದು ತಂದಿಡುತ್ತದೆ. ಇವತ್ತಿನ ಎಷ್ಟೋ ನೂರು ಕೋಟಿ ಸಿನಿಮಾಗಳಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ, ನೆನಪಿಟ್ಟುಕೊಳ್ಳಲೂ ಏನೂ ಸಿಗುವುದಿಲ್ಲ. ಮರುದಿನ ಚಹಾ ಕುಡಿಯುವಾಗ ಅದರ ಬಗ್ಗೆ ಒಂದು ಮಾತು ಹುಟ್ಟುವುದಿಲ್ಲ.

ನಗು ಬರದ ಜಾಗವೂ ಒಂದಿದೆ. ಕೊನೆಯಲ್ಲಿ ಹೆಸರುಗಳು ಓಡುವಾಗ, ಡ್ಯಾನಿಂಗ್ ಮೇಲಂಗಿ ಹರಿದುಕೊಳ್ಳುವ ಒಂದೇ ಶಾಟನ್ನು ಮತ್ತೆ ಮತ್ತೆ ಹಾಕಿದ್ದಾರೆ. ಎಣಿಸಿದವರು 17 ಸಲ ಅನ್ನುತ್ತಾರೆ. ನಟಿ ಅದನ್ನು ಮಾಡಿದ್ದು ಒಂದು ಸಲ. ಉಳಿದದ್ದೆಲ್ಲ ಎಡಿಟಿಂಗ್ ಟೇಬಲ್ ಮುಂದೆ ಕೂತವರ ಕಿತಾಪತಿ. ಕೋತಿ ವೇಷ ಬಡತನ, ಅದನ್ನು ಮನ್ನಿಸಬಹುದು. ಇದು ಬೇರೆ. ಡ್ಯಾನಿಂಗ್ ಕೂಡ ಇಡೀ ಸಿನಿಮಾದಲ್ಲಿ ರಾಣಿಯ ಗತ್ತು ಬಿಟ್ಟುಕೊಟ್ಟಿಲ್ಲ. ಅವರ ಪಾಲಿಗೆ ಕೊನೆಗೆ ಸಿಕ್ಕಿದ್ದು ಇದು. ಕ್ಷಮೆ ಯಾರಾದರೂ ಕೇಳಬೇಕಿದ್ದರೆ ಅವರ ಹತ್ತಿರ ಕೇಳಬೇಕಿತ್ತು, ಕೇಳಬೇಕಿದ್ದದ್ದು ಲೀ ಅಲ್ಲ. ನಾನು ಅಲ್ಲಿಗೆ ಟಿವಿ ಆಫ್ ಮಾಡುತ್ತೇನೆ.

ಮೋರಾ ಎರಡು ವರ್ಷ ಬಿಟ್ಟು, 1987ರಲ್ಲಿ, ಮೂರನೇ ಭಾಗವನ್ನೂ ಮಾಡಿದರು. ಈ ಸಲ ಆಸ್ಟ್ರೇಲಿಯಾ. ತೋಳಮನುಷ್ಯರಿಗೆ ಕಾಂಗರೂ ಥರ ಹೊಟ್ಟೆಚೀಲ! ಮರಿ ತೆವಳಿಕೊಂಡು ಚೀಲಕ್ಕೆ ಹೋಗುತ್ತದೆ. ರಷ್ಯಾದ ಬ್ಯಾಲೆ ನರ್ತಕಿ ಕುಣಿಯುತ್ತಾ ಕುಣಿಯುತ್ತಾ ತೋಳವಾಗುತ್ತಾಳೆ. ಹೇಳಲು ಕೇಳಲು ಇದೇ ಹೆಚ್ಚು ಮಜಾ ಅನ್ನಿಸುತ್ತದೆ ಅಲ್ವಾ? ನನಗೆ ಅಷ್ಟು ರುಚಿಸಲಿಲ್ಲ. ಅದರಲ್ಲಿ ಮೋರಾ ಬೇಕಂತಲೇ ತಮಾಷೆ ಮಾಡಿದ್ದಾರೆ. ನಗಿ ನಗಿ ಅಂತ ಪಕ್ಕೆಗೆ ತಿವಿಯುತ್ತಾರೆ. ಅಲ್ಲೂ ಒಬ್ಬ ಲೀ ಇದ್ದು, ಆ ಹೊಟ್ಟೆಚೀಲವನ್ನು ವೇದವಾಕ್ಯದ ಹಾಗೆ ವಿವರಿಸಿದ್ದರೆ ಕಥೆಯೇ ಬೇರೆ. ನಮ್ಮ ಹಿಂದಿಯಲ್ಲಿ 1992ರಲ್ಲಿ ಮಹೇಶ್ ಭಟ್ 'ಜುನೂನ್' ಮಾಡಿದರು. ಶಾಪ ತಗುಲಿದ ರಾಹುಲ್ ರಾಯ್ ಹುಣ್ಣಿಮೆಗೆ ಹುಲಿ ಆಗುತ್ತಾನೆ. ಅವನು ಒಂದು ಕ್ಷಣವೂ ನಗುವುದಿಲ್ಲ. ಅದಕ್ಕೇ ಅದು ಇವತ್ತಿಗೂ ನೋಡಿಸಿಕೊಂಡು ಹೋಗುತ್ತದೆ.

ಅಕ್ಕನ ಮಗನಿಗೆ ಈಗ ಹುಚ್ಚು ಹಿಡಿದಿದೆ. ಈ ಸರಣಿಯಲ್ಲಿ ಒಟ್ಟು ಎಂಟು ಸಿನಿಮಾ ಇವೆ, ಎಲ್ಲ ನೋಡಬೇಕು ಮಾಮ ಅನ್ನುತ್ತಿದ್ದಾನೆ. ನೋಡಲಿ, ತಡೆಯುವುದಿಲ್ಲ. 1995ರ 'ನ್ಯೂ ಮೂನ್ ರೈಸಿಂಗ್' ಒಂದನ್ನು ಬಿಟ್ಟುಬಿಡು ಅಂದಿದ್ದೇನೆ. ಅದರಲ್ಲಿ ಊರಿನ ಜನ ಸಾಲಾಗಿ ನಿಂತು ಕುಣಿಯುತ್ತಾರೆ, ಹಾಡುತ್ತಾರೆ, ಜೋಕು ಹೇಳಿಕೊಳ್ಳುತ್ತಾರೆ. ತೋಳ ಬರೋದು ಸಿನಿಮಾ ಮುಗಿಯುವ ಹೊತ್ತಿಗೆ. ಅದೂ ಕೆಟ್ಟದ್ದೇ. ಆದರೆ ಬರೀ ಕೆಟ್ಟದ್ದು.