ಮ್ಯಾಮೊಗ್ರಾಂ ನಾರ್ಮಲ್ ಅಂದರೂ ಗಂಟನ್ನು ಬಿಡಬೇಡಿ

ಸ್ತನ ಕ್ಯಾನ್ಸರ್ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ನಾರ್ಮಲ್ ಬಂದರೆ ನಿಶ್ಚಿಂತೆಯಿಂದಿರಿ ಎಂದಿದೆ. ಇದನ್ನು ನಾನು ಒಪ್ಪಲಾರೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅತ್ತಿಗೆಗೆ ಸ್ನಾನ ಮಾಡುವಾಗ ಕಂಕುಳ ಹತ್ತಿರ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಮ್ಯಾಮೊಗ್ರಾಂನಲ್ಲಿ ಏನೂ ಕಾಣಲಿಲ್ಲ. ಆ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ, ಗ್ರಂಥಿಯ ಭಾಗ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ. ಗ್ರಂಥಿ ದಟ್ಟವಾಗಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಗಡ್ಡೆ ಅದರೊಳಗೇ ಮರೆಯಾಗಿಬಿಡುತ್ತದೆ. ಕೊನೆಗೆ ಸೊನೋಗ್ರಫಿಯಲ್ಲಿ ಸಿಕ್ಕಿತು, ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ರಿಪೋರ್ಟಿನಲ್ಲಿ ಸಾಂದ್ರತೆ ಸಿ ಅಥವಾ ಡಿ (ಅಂದರೆ ಗ್ರಂಥಿ ದಟ್ಟವಾಗಿದೆ) ಎಂದಿದ್ದರೆ ಸೊನೋಗ್ರಫಿಯೂ ಬೇಕೇ ಎಂದು ಡಾಕ್ಟರನ್ನು ಕೇಳಿ.

ಕೈಯಿಂದ ಮಾಡುವ ತಪಾಸಣೆಯನ್ನೂ ಹಗುರವಾಗಿ ಕಾಣಬೇಡಿ. ನಮ್ಮ ಮುಂಬೈಯಲ್ಲೇ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಿಂದ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಇಲ್ಲಿನ ಕನ್ನಡ ಸಂಘಗಳು ಶಿಬಿರಗಳಲ್ಲಿ ಬಿಪಿ, ಶುಗರ್ ಜೊತೆ ಇದನ್ನೂ ದಯವಿಟ್ಟು ಸೇರಿಸಲಿ.