ಹಾರ ತುರಾಯಿಗಳ ಸಂಶೋಧನೆ

ಕೋಲಾರದ ಕೆರೆಯೊಂದರಲ್ಲಿ ನನ್ನ ಸಂಶೋಧನೆಗೆಂದು ನೀರಿನ ಮಾದರಿ ಸಂಗ್ರಹಿಸುತ್ತಿದ್ದವನು ಅದನ್ನು ಅರ್ಧಕ್ಕೇ ಬಿಟ್ಟು, ವಿಶ್ವವಿದ್ಯಾಲಯದ ‘ಸಂಶೋಧನಾ ಗುಣಮಟ್ಟ ವರ್ಧನೆ’ ಕಾರ್ಯಾಗಾರಕ್ಕೆ ನಿನ್ನೆ ಓಡಿಬಂದೆ. 10.30ರ ಉದ್ಘಾಟನೆ 12ಕ್ಕೆ ಆರಂಭವಾಗಿ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಗಳೆಲ್ಲ ಮುಗಿಯುವ ಹೊತ್ತಿಗೆ, ದತ್ತಾಂಶ ವಿಶ್ಲೇಷಣೆ ಕಲಿಸಬೇಕಿದ್ದ ಸಂಪನ್ಮೂಲ ವ್ಯಕ್ತಿಗೆ ಉಳಿದದ್ದು ಊಟಕ್ಕೆ ಮುಂಚಿನ 15 ನಿಮಿಷ. ಅದರಲ್ಲೂ ಹತ್ತನ್ನು ಪ್ರೊಜೆಕ್ಟರ್ ನುಂಗಿತು. ನಾವು ಕುರ್ಚಿ ಜೋಡಿಸಿ, ಅತಿಥಿಗಳ ತಲೆಗೆ ಪೇಟ ಹೊಂದಿಸಿದ್ದೂ ಸಂಶೋಧನಾ ತರಬೇತಿಯೇ ಇರಬೇಕು! ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬೆಂಗಳೂರಿನಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ 2018ರಲ್ಲೇ ಹರಿದುಬಂತು. ಅದರ ಪರೀಕ್ಷೆಗೆ ನಾನು ಕೇಳಿದ ರಾಸಾಯನಿಕಗಳ ಕಡತ ಮಾತ್ರ ಇನ್ನೂ ಮೇಜಿನಿಂದ ಮೇಜಿಗೆ ತೆವಳುತ್ತಿದೆ. ಇಷ್ಟಾದರೂ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಒಪ್ಪಿಸಬೇಕಂತೆ. ಯಾವುದರ ಪ್ರಗತಿ, ಸ್ವಾಮಿ? ಕಾರ್ಯಾಗಾರದ ಪ್ರಮಾಣಪತ್ರದಲ್ಲಿ ನನ್ನ ಹೆಸರೂ ತಪ್ಪಾಗಿದೆ.