ಡಾಂಬರಿಗೆ ಸಿಗುವ ಮರ್ಯಾದೆ

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅವತ್ತು ರಸ್ತೆ ಕೆಲಸದ ಸೈಟುಗಳಲ್ಲಿ ಬ್ಯಾನರ್ ಕಟ್ಟುತ್ತಾರೆ. ಕಾರ್ಮಿಕರಿಗೆ ಹೊಸ ಹೆಲ್ಮೆಟ್ ಹಾಕಿಸಿ ಸಾಲಾಗಿ ನಿಲ್ಲಿಸುತ್ತಾರೆ. ಪ್ರತಿಜ್ಞೆ, ಫೋಟೊ, ಕೊನೆಗೊಂದು ಲಾಡು. ಭಾಷಣ ಮಾಡುವವರೆಲ್ಲ ಹೇಳುವುದು ಒಂದೇ: "ನಮ್ಮ ಕಾರ್ಮಿಕರಿಗೆ ಅಪಾಯದ ಅರಿವು ಕಡಿಮೆ."

ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಹಾಸನ, ಸಕಲೇಶಪುರ ಕಡೆ ರಸ್ತೆ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದವನು ನಾನು. ಈ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮಲೆನಾಡಿನ ಕೆಂಪು ಮಣ್ಣಿನ ಗುಡ್ಡವನ್ನು ಗೋಡೆ ಹಾಗೆ ನೇರ ಕಡಿದು ಬಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ತಿಳಿಯೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಮೋರಿ ಕೆಲಸಕ್ಕೆ ರಾಯಚೂರು ಕಡೆಯ ಗ್ಯಾಂಗ್ ಒಂದು ಬಂದಿತ್ತು. ಅವರ ಮೇಸ್ತ್ರಿ ದಿನಾ ಬೆಳಿಗ್ಗೆ ಗುದ್ದಲಿ ಮುಟ್ಟುವ ಮೊದಲು ತಲೆ ಎತ್ತಿ ಗುಡ್ಡ ನೋಡುತ್ತಿದ್ದರು. ಮೇಲೆ ಬಿರುಕು ಬಿಟ್ಟಿದೆಯಾ, ಒಸರುವ ನೀರು ಕೆಂಪಗಾಗಿದೆಯಾ, ಸಣ್ಣ ಕಲ್ಲು ಉದುರುತ್ತಿದೆಯಾ. ಒಂದು ದಿನ ಬಂದು, "ಸರ್ರ, ಮ್ಯಾಲಿಂದ ಕಲ್ಲು ಬೀಳಾಕತ್ತಾವ್ರಿ, ಇವತ್ತು ಇಲ್ಲಿ ಬ್ಯಾಡ್ರಿ" ಅಂದರು. ನಾನು ಮೇಲಿನವರಿಗೆ ಫೋನ್ ಮಾಡಿದೆ. "ಇವತ್ತು ಕಾಂಕ್ರೀಟ್ ಆಗಲೇಬೇಕು, ಗಾಡಿ ಹೊರಟಾಗಿದೆ" ಅಂತ ಉತ್ತರ ಬಂತು. ಕೆಲಸ ನಡೆಯಿತು. ಅವತ್ತು ಏನೂ ಆಗಲಿಲ್ಲ, ಪುಣ್ಯ. ಆದರೆ ಅಲ್ಲಿ ಅರಿವು ಇಲ್ಲದಿದ್ದದ್ದು ಯಾರಿಗೆ?

2024ರ ಜುಲೈನಲ್ಲಿ ಸಕಲೇಶಪುರದ ದೋಣಿಗಲ್ ಹತ್ತಿರ ಮಣ್ಣು ಕುಸಿದದ್ದು ನಮಗೆಲ್ಲ ನೆನಪಿದೆ. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಬಂದು ಬಿತ್ತು. ಒದ್ದೆ ಮಣ್ಣು ಒಂದು ಘನ ಮೀಟರ್ ಅಂದರೆ ಹತ್ತಿರಹತ್ತಿರ ಎರಡು ಟನ್. ಎದೆ ಮಟ್ಟ ಮುಚ್ಚಿದರೂ ಸಾಕು, ಉಸಿರು ಎಳೆಯೋಕಾಗುವುದಿಲ್ಲ. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಪಕ್ಕದಲ್ಲಿ ಹಲಗೆ, ಆಸರೆ ಕೊಡಬೇಕು, ಇಲ್ಲವೇ ಇಳಿಜಾರಾಗಿ ಅಗೆಯಬೇಕು ಅಂತ ನಿಯಮವಿದೆ. ಪೈಪ್‌ಲೈನ್ ಗುಂಡಿಗೆ ಹಲಗೆ ಕೊಟ್ಟದ್ದನ್ನು ನಮ್ಮ ಕಡೆ ನೋಡಿದ್ದರೆ ಹೇಳಿ, ಬಂದು ನೋಡಿಕೊಂಡು ಹೋಗುತ್ತೇನೆ.

ನನಗೆ ಜಾಸ್ತಿ ಸಿಟ್ಟು ಬರುವುದು ಡಾಂಬರಿನ ವಿಷಯದಲ್ಲಿ. ಪ್ಲಾಂಟಿನಿಂದ ಡಾಂಬರು ಕಲಸಿದ ಜಲ್ಲಿ, ನಮ್ಮ ಮಾತಲ್ಲಿ ಮಾಲು, ಹೊರಡುವಾಗ ಶಾಖ ಸುಮಾರು 150–160 ಡಿಗ್ರಿ. ಟಿಪ್ಪರ್ ಸೈಟಿಗೆ ಬಂದ ಕೂಡಲೇ ಒಬ್ಬರು ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ತಣ್ಣಗಾಗಿದ್ದರೆ ವಾಪಸ್. ಮಳೆ ಬಂದರೆ ಹಾಕುವ ಹಾಗಿಲ್ಲ, ಮಂಜು ಕವಿದರೆ ಹಾಕುವ ಹಾಗಿಲ್ಲ, 10 ಡಿಗ್ರಿಗಿಂತ ಚಳಿ ಇದ್ದರೂ ಹಾಕುವ ಹಾಗಿಲ್ಲ. ಇದೆಲ್ಲ ಬೇಕೇ ಬೇಕು, ಇಲ್ಲದಿದ್ದರೆ ರಸ್ತೆ ಒಂದೇ ಮಳೆಗೆ ಎದ್ದು ಹೋಗುತ್ತದೆ. ಆದರೆ ಅದೇ ಮಾಲಿನ ಪಕ್ಕ ರೇಕ್ ಹಿಡಿದು ನಿಂತವನ ಕಾಲಲ್ಲಿ ಹವಾಯಿ ಚಪ್ಪಲಿ, ಅದಕ್ಕೆ ಸುತ್ತಿದ ಗೋಣಿಚೀಲದ ತುಂಡು. ಅವನು ಆ ಗೋಣಿ ಸುತ್ತಿದ್ದು ಅಪಾಯ ಗೊತ್ತಿಲ್ಲದೆಯಾ? ಬೂಟು ಕೊಡುವವರಿಲ್ಲ, ಅದಕ್ಕೆ.

ಇಲ್ಲೊಂದು ವಿಷಯ ಹೇಳಲೇಬೇಕು, ತೋಟದ ರಸ್ತೆ ಮಾಡಿಸುವವರೂ ಕೇಳಿಸಿಕೊಳ್ಳಿ. ಕೈಗೆ ಬಿಸಿ ಡಾಂಬರು ಬಿದ್ದರೆ ಡೀಸೆಲ್ ಹಾಕಿ ಉಜ್ಜುವ ಅಭ್ಯಾಸವಿದೆ. ಹಾಗೆ ಮಾಡಬೇಡಿ, ಕಿತ್ತು ತೆಗೆಯಲೂ ಹೋಗಬೇಡಿ, ಚರ್ಮವೂ ಜತೆಗೇ ಬರುತ್ತದೆ. ಕನಿಷ್ಠ 20 ನಿಮಿಷ ತಣ್ಣೀರು ಬಿಟ್ಟು, ಅಂಟಿದ್ದನ್ನು ಹಾಗೇ ಇಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಿವು ಮೂಡಿಸಲೇಬೇಕು ಅಂತಿದ್ದರೆ ಇಂಥದ್ದನ್ನು ಹೇಳಿಕೊಡಲಿ. ಅದೂ ಕೇಳುವವನ ಭಾಷೆಯಲ್ಲಿ. ಒಡಿಶಾ, ಜಾರ್ಖಂಡ್ ಹುಡುಗರ ಮುಂದೆ ಇಂಗ್ಲಿಷ್ ಬೋರ್ಡ್ ನಿಲ್ಲಿಸಿದರೆ ಅದು ಇನ್‌ಸ್ಪೆಕ್ಷನ್‌ಗೆ ಬರುವವರಿಗೆ ಮಾತ್ರ ಓದೋಕೆ ಬರುತ್ತದೆ, ಅಲ್ವಾ?

ಇನ್ನು ರಸ್ತೆಯಲ್ಲಿ ಓಡಾಡುವ ನಮ್ಮ ಪಾಲು. ಚಾರ್ಮಾಡಿ ಘಾಟಿ ಮೇಲಿನ ಕೊಟ್ಟಿಗೆಹಾರದ ಹತ್ತಿರ ಮಂಜಿನಲ್ಲಿ ಕೆಂಪು ಬಾವುಟ ಹಿಡಿದು ನಿಂತ ಹುಡುಗನನ್ನು ನೋಡಿರುತ್ತೀರಿ. ಜಾಕೆಟ್ಟಿನ ಹೊಳೆಯುವ ಪಟ್ಟಿ ಧೂಳು, ಟಾರು ಮೆತ್ತಿ ಯಾವತ್ತೋ ಸತ್ತಿರುತ್ತದೆ. ಮುಂಚೆಯೇ ಎಚ್ಚರಿಸುವ ಬೋರ್ಡು, ಕೋನು ಇರಬೇಕಾದ ಕಡೆ ನಾಲ್ಕು ಕಲ್ಲು, ಮುರಿದ ಸೊಪ್ಪಿನ ಕೊಂಬೆ. ಶನಿವಾರ, ಭಾನುವಾರ ಬರುವ ಕಾರುಗಳು ಆ ಹುಡುಗ ಕೈ ತೋರಿಸಿದರೂ ನಿಲ್ಲಿಸುವುದಿಲ್ಲ, ಮೇಲಿಂದ ಬೈದು ಹೋಗುತ್ತಾರೆ. ಅವನ ಬೆನ್ನ ಹಿಂದೆ ರೋಲರ್ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿರುತ್ತದೆ. ಅವನಿಗೆ ಎರಡೂ ಕಡೆ ಗಮನ ಇರಬೇಕು.

ನಿರ್ಮಾಣ ಕಾರ್ಮಿಕರಿಗೆ ಅಂತ 1996ರಲ್ಲೇ ಕಾಯ್ದೆ ಬಂತು. ಅವರ ಕಲ್ಯಾಣಕ್ಕೆ ಅಂತ ಕಾಮಗಾರಿ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಹಿಡಿಯುವ ವ್ಯವಸ್ಥೆಯೂ ಬಂತು. ಆ ಹಣದ ಸವಲತ್ತು ಸಿಗೋಕೆ ಬೇಕಾದ ಲೇಬರ್ ಕಾರ್ಡಿಗೆ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಸೈಟಿಂದ ಸೈಟಿಗೆ ಗಂಟುಮೂಟೆ ಕಟ್ಟುವ ಗ್ಯಾಂಗಿಗೆ ಅದನ್ನು ಬರೆದು ಕೊಡುವವರು ಯಾರು? ಇರಲಿ, ಅದು ಬೇರೆಯೇ ದೊಡ್ಡ ಕಥೆ.

ನನ್ನ ಮುಖ್ಯ ತಕರಾರು ಕೂಲಿಯದ್ದು. ಗುಡ್ಡ ನೋಡಿ "ಇವತ್ತು ಬ್ಯಾಡ್ರಿ" ಅಂದ ಮೇಸ್ತ್ರಿಗೆ ಕೆಲಸ ನಿಲ್ಲಿಸುವ ಅಧಿಕಾರವಿಲ್ಲ. ನಿಲ್ಲಿಸಿದರೆ ಅವತ್ತಿನ ಬಟವಾಡೆ ಇಲ್ಲ, ಇಡೀ ಗ್ಯಾಂಗು ಅವರ ಮೇಲೆ ಬೀಳುತ್ತದೆ. ಜಲ್ಲಿಗೆ, ಡಾಂಬರಿಗೆ, ಬಿಳಿ ಪಟ್ಟೆಗೆ ಎಲ್ಲಕ್ಕೂ ಎಸ್ಟಿಮೇಟಿನಲ್ಲಿ ದರ ಬರೆಯುತ್ತಾರೆ. ಹಾಗೇ ಅಪಾಯದಿಂದ ಕೆಲಸ ನಿಂತ ದಿನದ ಕೂಲಿಗೂ ಒಂದು ಬಾಬ್ತು ಸೇರಿಸಲಿ. ಬೂಟು, ಜಾಕೆಟ್ಟಿಗೂ ಬೇರೆ ಬಾಬ್ತು ಇರಲಿ, ಕೊಟ್ಟದ್ದಕ್ಕೆ ಲೆಕ್ಕ ತೋರಿಸಿದರೆ ಮಾತ್ರ ಬಿಲ್ ಆಗಲಿ.

ದುರುಪಯೋಗ ಆಗುತ್ತದೆ ಅನ್ನುತ್ತೀರಾ? ಸುಮ್ನೆ ಕೂರೋಕೆ ಯಾರೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿಂದ ಸಕಲೇಶಪುರಕ್ಕೆ ಬರುವುದಿಲ್ಲ. ಬೇಕಿದ್ದರೆ ಮೇಸ್ತ್ರಿ ಜತೆ ಸೈಟ್ ಇಂಜಿನಿಯರ್ ಕೂಡ ಸಹಿ ಹಾಕಲಿ, ತಿಂಗಳಿಗೆ ಇಷ್ಟೇ ದಿನ ಅಂತ ಮಿತಿ ಇಡಲಿ. ಮುಂದಿನ ಮಳೆಗಾಲದೊಳಗೆ ಘಾಟಿ ಕೆಲಸಗಳಿಗಾದರೂ ಇದು ಆಗಬೇಕು.